ಔಷಧ ವಿತರಣೆಯ ಹುದ್ದೆ: ಸಂದರ್ಶನದಲ್ಲಿ ಎದುರಾಗುವ ‘ಒತ್ತಡ’ದ ಪ್ರಶ್ನೆಗೆ ಉತ್ತರವೇನು?

ಶಿರಸಿ: ಡಿ.ಫಾರ್ಮ ಅಥವಾ ಬಿ.ಫಾರ್ಮ ಮುಗಿಸಿ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಆಸ್ಪತ್ರೆಗಳಲ್ಲಿ, ಔಷಧ ಅಂಗಡಿಗಳಲ್ಲಿ ಉದ್ಯೋಗ ಅರಸುವ ತರುಣ ತರುಣಿಯರು ಸಂದರ್ಶನಕ್ಕೆ ಹೋಗುವಾಗ ಔಷಧಗಳ ಹೆಸರು, ಪ್ರಮಾಣ, ಅಡ್ಡ ಪರಿಣಾಮಗಳನ್ನೆಲ್ಲ ಮತ್ತೊಮ್ಮೆ ಓದಿಕೊಂಡು ಹೋಗುತ್ತಾರೆ. ಆದರೆ ಬಹುತೇಕ ಸಂದರ್ಶನಗಳಲ್ಲಿ ಪುಸ್ತಕದಲ್ಲಿಲ್ಲದ ಒಂದು ಪ್ರಶ್ನೆ ಬಂದೇ ಬರುತ್ತದೆ. ‘ಕೆಲಸದ ಒತ್ತಡವನ್ನು ಹೇಗೆ ನಿಭಾಯಿಸುತ್ತೀರಿ?’ ಎಂಬುದೇ ಆ ಪ್ರಶ್ನೆ. ‘ನನಗೆ ಒತ್ತಡವೇ ಆಗುವುದಿಲ್ಲ ಸರ್’ ಎಂಬ ಉತ್ತರ ಥಟ್ಟನೆ ಬಾಯಿಗೆ ಬರುತ್ತದೆ. ಕೇಳಿದವರು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಅಭ್ಯರ್ಥಿ ಅಲ್ಲಿಯೇ ಹಿಂದೆ ಬಿದ್ದಿರುತ್ತಾನೆ.

ಈ ಪ್ರಶ್ನೆ ಔಪಚಾರಿಕತೆಗಾಗಿ ಕೇಳುವಂಥದ್ದಲ್ಲ. ಔಷಧ ಕೊಡುವ ಕೈ ಒತ್ತಡದಲ್ಲಿ ತಪ್ಪಿದರೆ ಅದರ ಬೆಲೆ ತೆರುವವನು ಕೌಂಟರಿನ ಆಚೆ ನಿಂತ ರೋಗಿ. ಆದ್ದರಿಂದ ಈ ಪ್ರಶ್ನೆಯ ಹಿಂದಿನ ಉದ್ದೇಶವೇನು, ಅದಕ್ಕೆ ಪ್ರಾಮಾಣಿಕವೂ ಪರಿಣಾಮಕಾರಿಯೂ ಆದ ಉತ್ತರವನ್ನು ಕಟ್ಟಿಕೊಳ್ಳುವುದು ಹೇಗೆ ಎಂಬುದನ್ನು ತಿಳಿದುಕೊಳ್ಳುವುದು ಉದ್ಯೋಗಾಕಾಂಕ್ಷಿಗಳಿಗೆ ಅವಶ್ಯ.

ಹುದ್ದೆಯ ಹೆಸರು ಮತ್ತು ಹೊಣೆ

ಅಮೆರಿಕ, ಬ್ರಿಟನ್‌ನಂತಹ ದೇಶಗಳಲ್ಲಿ ‘ಫಾರ್ಮಸಿ ಟೆಕ್ನಿಷಿಯನ್’ ಎಂಬುದು ಪ್ರತ್ಯೇಕ ವೃತ್ತಿ. ಫಾರ್ಮಾಸಿಸ್ಟರ ಮೇಲ್ವಿಚಾರಣೆಯಲ್ಲಿ ಔಷಧ ಎಣಿಸುವುದು, ಚೀಟಿ ಅಂಟಿಸುವುದು, ದಾಸ್ತಾನು ನೋಡಿಕೊಳ್ಳುವುದು ಇವರ ಕೆಲಸ. ಬ್ರಿಟನ್‌ನಲ್ಲಿ 2011ರಿಂದ ಇವರಿಗೆ ನೋಂದಣಿ ಕಡ್ಡಾಯವಾಗಿದೆ. ಭಾರತದ ಕಾನೂನಿನಲ್ಲಿ ಇಂಥ ಎರಡು ಮೆಟ್ಟಿಲುಗಳ ವ್ಯವಸ್ಥೆ ಇಲ್ಲ. 1948ರ ಫಾರ್ಮಸಿ ಕಾಯ್ದೆಯ ಪ್ರಕಾರ ವೈದ್ಯರ ಚೀಟಿಯ ಮೇಲೆ ಔಷಧ ವಿತರಿಸುವ ಅಧಿಕಾರವಿರುವುದು ನೋಂದಾಯಿತ ಫಾರ್ಮಾಸಿಸ್ಟರಿಗೆ ಮಾತ್ರ. ಎರಡು ವರ್ಷದ ಡಿ.ಫಾರ್ಮ ವ್ಯಾಸಂಗದ ನಂತರ ಕನಿಷ್ಠ 500 ಗಂಟೆಗಳ ಪ್ರಾಯೋಗಿಕ ತರಬೇತಿ ಮುಗಿಸಿದವರು ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕಾಗುತ್ತದೆ. ಬೇರೆ ದೇಶಗಳಲ್ಲಿ ಟೆಕ್ನಿಷಿಯನ್ ಮಾಡುವ ಕೆಲಸವನ್ನು ನಮ್ಮಲ್ಲಿ ಕಿರಿಯ ಫಾರ್ಮಾಸಿಸ್ಟರು, ಅವರ ಕೈಕೆಳಗಿನ ಸಹಾಯಕರು ಹಂಚಿಕೊಂಡು ಮಾಡುತ್ತಾರೆ.

ಕೇಂದ್ರ ಸರ್ಕಾರವು ಕೆಳದರ್ಜೆಯ ಹುದ್ದೆಗಳಿಗೆ ಸಂದರ್ಶನವನ್ನು 2016ರ ಜನವರಿ 1ರಿಂದ ಕೈಬಿಟ್ಟಿದೆ. ಹೀಗಾಗಿ ಸಂದರ್ಶನದ ಸಿದ್ಧತೆ ಮುಖ್ಯವಾಗಿ ಬೇಕಾಗುವುದು ಖಾಸಗಿ ಮತ್ತು ಸಹಕಾರಿ ಆಸ್ಪತ್ರೆಗಳು, ಔಷಧ ಅಂಗಡಿಗಳು, ಜನೌಷಧಿ ಕೇಂದ್ರಗಳು ಹಾಗೂ ಗುತ್ತಿಗೆ ಆಧಾರದ ನೇಮಕಾತಿಗಳಿಗೆ. ಇಂಥ ಕಡೆ ಮೇಜಿನ ಆಚೆ ಕುಳಿತವರು ಸಾಮಾನ್ಯವಾಗಿ ಒಬ್ಬ ವೈದ್ಯರು, ಒಬ್ಬ ಹಿರಿಯ ಫಾರ್ಮಾಸಿಸ್ಟ್ ಮತ್ತು ಆಡಳಿತ ವಿಭಾಗದ ಒಬ್ಬರು. ವೈದ್ಯರಿಗೆ ರೋಗಿಯ ಸುರಕ್ಷೆಯ ಚಿಂತೆ. ಹಿರಿಯ ಫಾರ್ಮಾಸಿಸ್ಟರಿಗೆ ನಂಬಿ ಕೌಂಟರ್ ಬಿಟ್ಟು ಹೋಗಬಹುದೇ ಎಂಬ ಪ್ರಶ್ನೆ. ಆಡಳಿತದವರಿಗೆ ಈ ವ್ಯಕ್ತಿ ಆರು ತಿಂಗಳಲ್ಲಿ ಬಿಟ್ಟುಹೋದರೆ ಗತಿಯೇನು ಎಂಬ ಯೋಚನೆ. ಒಂದೇ ಉತ್ತರ ಈ ಮೂವರಿಗೂ ಸಮಾಧಾನ ನೀಡಬೇಕು.

ಪ್ರಶ್ನೆಯ ಹಿಂದಿನ ಕಾರಣ

ಒತ್ತಡ ಸಂಪೂರ್ಣ ಕೆಟ್ಟದ್ದೇನಲ್ಲ. ಸ್ವಲ್ಪ ಒತ್ತಡ ಮನಸ್ಸನ್ನು ಚುರುಕುಗೊಳಿಸುತ್ತದೆ, ಅತಿಯಾದರೆ ಕೆಲಸ ಕೆಡುತ್ತದೆ ಎಂಬುದನ್ನು ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಇಬ್ಬರು ಅಮೆರಿಕನ್ ಮನಃಶಾಸ್ತ್ರಜ್ಞರ 1908ರ ಪ್ರಯೋಗದ ಆಧಾರದಲ್ಲಿ ಇಂದಿಗೂ ವಿವರಿಸಲಾಗುತ್ತದೆ. ಕೆಲಸ ಕಷ್ಟದ್ದಾದಷ್ಟೂ ತಾಳಿಕೊಳ್ಳಬಹುದಾದ ಒತ್ತಡದ ಮಿತಿ ಕೆಳಗಿರುತ್ತದೆ. ಔಷಧ ವಿತರಣೆ ಮೇಲುನೋಟಕ್ಕೆ ಸರಳವಾಗಿ ಕಂಡರೂ ಗಮನ ಬೇಡುವ ಕೆಲಸ. ಹೆಸರು ಓದಬೇಕು, ಪ್ರಮಾಣ ತಾಳೆ ನೋಡಬೇಕು, ಅವಧಿ ಮುಗಿದಿದೆಯೇ ಪರಿಶೀಲಿಸಬೇಕು, ಎಣಿಸಬೇಕು, ಬಿಲ್ಲು ಮಾಡಬೇಕು, ತಿಳಿಯುವಂತೆ ಹೇಳಬೇಕು. ನಡುವೆ ಫೋನು ಬಡಿದುಕೊಳ್ಳುತ್ತದೆ, ಇನ್ನೊಬ್ಬರು ಕೈಚಾಚಿ ಚೀಟಿ ಹಿಡಿಯುತ್ತಾರೆ.

ಈ ‘ನಡುವೆ’ ಎಂಬುದೇ ಅಪಾಯದ ಜಾಗ. ಆಸ್ಟ್ರೇಲಿಯಾದ ಸಿಡ್ನಿಯ ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಔಷಧ ನೀಡುತ್ತಿದ್ದ ದಾದಿಯರನ್ನು ಗಮನಿಸಿ 2010ರಲ್ಲಿ ಪ್ರಕಟವಾದ ಅಧ್ಯಯನವೊಂದು, ಪ್ರತಿ ಅಡಚಣೆಯೊಂದಿಗೂ ತಪ್ಪುಗಳು ಶೇ. 12ರಷ್ಟು ಹೆಚ್ಚುತ್ತಿದ್ದವು ಎಂಬುದನ್ನು ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಔಷಧ ಸುರಕ್ಷೆಯ ಜಾಗತಿಕ ಅಭಿಯಾನ ಆರಂಭಿಸಿದಾಗ, ಔಷಧ ದೋಷಗಳಿಂದ ಜಗತ್ತಿಗೆ ಆಗುವ ವಾರ್ಷಿಕ ವೆಚ್ಚವನ್ನು 4,200 ಕೋಟಿ ಡಾಲರ್ ಎಂದು ಅಂದಾಜಿಸಿತ್ತು.

ನಮ್ಮ ಅಂಗಡಿಗಳಲ್ಲಿಯೇ ದೊರೆಯುವ ಒಂದು ಉದಾಹರಣೆ ನೋಡಬಹುದು. ಭಾರತದಲ್ಲಿ ಇನ್ಸುಲಿನ್ ಸಾಮಾನ್ಯವಾಗಿ ಎರಡು ಸಾಂದ್ರತೆಯಲ್ಲಿ ಸಿಗುತ್ತದೆ: ಒಂದು ಮಿಲಿಲೀಟರಿಗೆ 40 ಯೂನಿಟ್ ಮತ್ತು 100 ಯೂನಿಟ್. ಅವುಗಳ ಸಿರಿಂಜುಗಳೂ ಬೇರೆ. ಮೊದಲನೆಯದಕ್ಕೆ ಕೆಂಪು ಮುಚ್ಚಳ, ಎರಡನೆಯದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. ಗಡಿಬಿಡಿಯಲ್ಲಿ 100ರ ಇನ್ಸುಲಿನ್ ಜೊತೆಗೆ ಕೆಂಪು ಮುಚ್ಚಳದ ಸಿರಿಂಜು ಕೊಟ್ಟರೆ ರೋಗಿಯ ಮೈಗೆ ಹೋಗುವುದು ಎರಡೂವರೆ ಪಟ್ಟು ಔಷಧ. ಸಕ್ಕರೆಯ ಅಂಶ ಹಠಾತ್ ಕುಸಿದು ಪ್ರಜ್ಞೆ ತಪ್ಪಲು ಅಷ್ಟು ಸಾಕು. ಸಂಧಿವಾತಕ್ಕೆ ವಾರಕ್ಕೊಮ್ಮೆ ನುಂಗಬೇಕಾದ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ‘ದಿನಕ್ಕೊಂದು’ ಎಂದು ಹೇಳಿಬಿಟ್ಟರೆ ಜೀವಕ್ಕೇ ಸಂಚಕಾರ. ಎರಡೂ ಕಡೆ ಔಷಧದ ಜ್ಞಾನಕ್ಕೆ ಕೊರತೆ ಇರುವುದಿಲ್ಲ, ಆ ಕ್ಷಣದ ಗಮನಕ್ಕೆ ಇರುತ್ತದೆ. ಸಂದರ್ಶಕರು ಅಳೆಯಲೆತ್ನಿಸುವುದು ಇದನ್ನೇ.

ಈ ಸೀಮೆಯ ಒತ್ತಡ ಯಾವ ಬಗೆಯದು?

ಪಟ್ಟಣದ ಸಂದರ್ಶನ ಕೈಪಿಡಿಗಳಲ್ಲಿ ಕಾಣುವ ಉತ್ತರಗಳನ್ನು ಇಲ್ಲಿ ಒಪ್ಪಿಸಿದರೆ ಅವು ನಾಟುವುದಿಲ್ಲ. ಸ್ವರ್ಣವಲ್ಲಿ, ಸೋಂದೆ ಸುತ್ತಿನ ಘಟ್ಟದ ಊರುಗಳಲ್ಲಿ ಔಷಧ ವಿತರಕರ ಮೇಲೆ ಬೀಳುವ ಒತ್ತಡಕ್ಕೆ ತನ್ನದೇ ಆದ ಕಾರಣಗಳಿವೆ.

ಮೊದಲನೆಯದು ಬಸ್ಸು. ಹಳ್ಳಿಯಿಂದ ಬಂದ ರೋಗಿ ವೈದ್ಯರನ್ನು ಕಂಡು ಔಷಧ ಕೌಂಟರಿಗೆ ಬರುವ ಹೊತ್ತಿಗೆ ಊರಿನ ಬಸ್ಸು ಹೊರಡುವ ಸಮಯವಾಗಿರುತ್ತದೆ. ‘ಬೇಗ ಕೊಡಿ, ಬಸ್ಸು ಹೋಗ್ತದೆ’ ಎಂಬ ಮಾತು ಕೌಂಟರಿನಲ್ಲಿ ದಿನನಿತ್ಯದ್ದು. ಆ ಬಸ್ಸು ತಪ್ಪಿದರೆ ಮುಂದಿನದು ಸಂಜೆಗೋ, ಮರುದಿನ ಬೆಳಿಗ್ಗೆಗೋ. ಆತುರ ನಿಜವಾದದ್ದೇ, ಆದರೆ ಆ ಆತುರದಲ್ಲಿಯೇ ತಪ್ಪು ಘಟಿಸುತ್ತದೆ. ತಪ್ಪಾದುದು ಗೊತ್ತಾಗುವ ವೇಳೆಗೆ ರೋಗಿ ಮೊಬೈಲ್ ಸಂಕೇತವೂ ಸಿಗದ ಊರು ಸೇರಿರಬಹುದು.

ಎರಡನೆಯದು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ವಿದ್ಯುತ್ ಕಡಿತವಾಗುವುದು ಸಾಮಾನ್ಯ. ಇನ್ಸುಲಿನ್, ಲಸಿಕೆ, ದ್ರವರೂಪದ ಹಾವಿನ ವಿಷನಿರೋಧಕ ಚುಚ್ಚುಮದ್ದು ಇವೆಲ್ಲ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕಾದವು. ತೋಟ, ಗದ್ದೆ, ದರಕು ಗುಡಿಸುವ ಬೆಟ್ಟಗಳಲ್ಲಿ ಕೆಲಸ ಮಾಡುವವರಿಗೆ ಹಾವು ಕಚ್ಚುವುದು ಅಪರೂಪವಲ್ಲ. ಕರ್ನಾಟಕ ಸರ್ಕಾರವು 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ರಾತ್ರಿ ಪಾಳಿಯಲ್ಲಿ ಇಂಥ ರೋಗಿ ಬಂದಾಗ ವಿಷನಿರೋಧಕ ಎಷ್ಟು ಸೀಸೆ ಇದೆ, ಎಲ್ಲಿದೆ, ಅವಧಿ ಎಂದಿನವರೆಗೆ ಎಂಬುದನ್ನು ಕಣ್ಣುಮುಚ್ಚಿ ಹೇಳಬಲ್ಲವರು ಬೇಕು.

ಮೂರನೆಯದು ಮಂಗನ ಕಾಯಿಲೆ. 1957ರಲ್ಲಿ ನೆರೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ಜ್ವರ ಉಣುಗುಗಳ ಮೂಲಕ ಹರಡುತ್ತದೆ. ಸಿದ್ದಾಪುರ ತಾಲೂಕು ಇದರ ಹಾವಳಿಯನ್ನು ಮತ್ತೆ ಮತ್ತೆ ಕಂಡಿದೆ; 2024ರಲ್ಲಿಯೂ ಕಂಡಿತು. ನಿರ್ದಿಷ್ಟ ಔಷಧವಿಲ್ಲ. ಹಳೆಯ ಲಸಿಕೆ ಪರಿಣಾಮಕಾರಿಯಲ್ಲವೆಂದು 2022ರ ನಂತರ ನಿಂತುಹೋಗಿದೆ. ಕಾಡಿಗೆ ಹೋಗುವವರು ಮೈಗೆ ಹಚ್ಚಿಕೊಳ್ಳಲೆಂದು ಆರೋಗ್ಯ ಇಲಾಖೆ ಡೆಪಾ ತೈಲ ವಿತರಿಸುತ್ತದೆ. ಸಾವಿನ ಸುದ್ದಿ ಹಬ್ಬಿದ ವಾರ ಕೌಂಟರಿಗೆ ಬರುವವರಲ್ಲಿ ಜ್ವರಕ್ಕಿಂತ ಭಯವೇ ಹೆಚ್ಚು. ಆ ಭಯಕ್ಕೆ ಉತ್ತರ ಕೊಡುವುದೂ ಕೆಲಸದ ಭಾಗವಾಗುತ್ತದೆ.

ಇವುಗಳ ಜೊತೆಗೆ ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬಾ ಜಾತ್ರೆಯ ಜನಸಂದಣಿ ಇದೆ. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗಳು ಶಿರಸಿಯಿಂದ ಸುಮಾರು 100 ಕಿ.ಮೀ. ದೂರವಿರುವುದರಿಂದ ಹುಟ್ಟುವ ತಾಪತ್ರಯಗಳಿವೆ. ಯಲ್ಲಾಪುರದ ಕಡೆ ಸಿದ್ದಿ, ಗೌಳಿ, ಕುಣಬಿ ಸಮುದಾಯದ ರೋಗಿಗಳು ಬರುತ್ತಾರೆ. ಮನೆಮಾತು ಕೊಂಕಣಿಯೋ ಮರಾಠಿಯೋ ಆಗಿದ್ದು, ಓದು ಬರಹ ಬಾರದವರಿಗೆ ಮಾತ್ರೆಯ ಹೊತ್ತು ತಿಳಿಸುವುದು ಒಂದು ಕಲೆ. ಪೊಟ್ಟಣದ ಮೇಲೆ ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರನ ಚಿತ್ರ ಬರೆದು ಕೊಡುವ ಪರಿಪಾಠ ಇದಕ್ಕಾಗಿಯೇ ಬಂದದ್ದು. ಅಭ್ಯರ್ಥಿಯು ಈ ವಿವರಗಳಲ್ಲಿ ಒಂದೆರಡನ್ನಾದರೂ ತನ್ನ ಉತ್ತರದಲ್ಲಿ ತಂದರೆ, ತಾನು ಯಾವ ಕೌಂಟರಿನ ಹಿಂದೆ ನಿಲ್ಲಲಿದ್ದೇನೆಂಬ ಅರಿವು ಅವನಿಗಿದೆ ಎಂಬುದು ಸಂದರ್ಶಕರಿಗೆ ಮನವರಿಕೆಯಾಗುತ್ತದೆ.

ಉತ್ತರಕ್ಕೆ ನಾಲ್ಕು ಅಂಗ

ಸಂದರ್ಶನ ತರಬೇತುದಾರರು ಜಗತ್ತಿನಾದ್ಯಂತ ಹೇಳಿಕೊಡುವ ಒಂದು ಕ್ರಮವಿದೆ. ಸನ್ನಿವೇಶ, ಹೊಣೆ, ಕ್ರಮ, ಫಲ ಎಂಬ ನಾಲ್ಕು ಅಂಗಗಳಲ್ಲಿ ಉತ್ತರ ಕಟ್ಟುವುದು. ಏನು ನಡೆದಿತ್ತು, ಅದರಲ್ಲಿ ತನ್ನ ಪಾಲಿನ ಕೆಲಸವೇನಿತ್ತು, ತಾನು ಮಾಡಿದ್ದೇನು, ಕೊನೆಗೆ ಏನಾಯಿತು. ಸನ್ನಿವೇಶಕ್ಕೆ ಎರಡು ವಾಕ್ಯ ಸಾಕು. ಹೆಚ್ಚು ಸಮಯ ‘ಕ್ರಮ’ಕ್ಕೆ ಮೀಸಲಿಡಬೇಕು, ಒತ್ತಡದಲ್ಲಿ ಅಭ್ಯರ್ಥಿಯ ಕೈ ಹೇಗೆ ನಡೆಯುತ್ತದೆ ಎಂಬುದು ತಿಳಿಯುವುದು ಅಲ್ಲಿಯೇ.

ಉದಾಹರಣೆಗೆ ತರಬೇತಿ ಮುಗಿಸಿ ಬಂದ ಅಭ್ಯರ್ಥಿಯ ಉತ್ತರ ಹೀಗಿರಬಹುದು:

‘ತರಬೇತಿಯ ಅವಧಿಯಲ್ಲಿ ಒಂದು ಮಧ್ಯಾಹ್ನ ಹೊರರೋಗಿ ವಿಭಾಗ ಮುಗಿಯುವ ಹೊತ್ತಿಗೆ ಕೌಂಟರಿನ ಮುಂದೆ ಇಪ್ಪತ್ತರಷ್ಟು ಜನ ಇದ್ದರು. ಹಿರಿಯರು ವಾರ್ಡಿಗೆ ಹೋಗಿದ್ದರು. ಚೀಟಿ ತೆಗೆದುಕೊಂಡು ಔಷಧ ತೆಗೆದಿಡುವುದು ನನ್ನ ಕೆಲಸ. ಅವರು ನೋಡದೆ ಕೊಡುವ ಹಾಗಿರಲಿಲ್ಲ. ನಾನು ಚೀಟಿಗಳನ್ನು ಬಂದ ಕ್ರಮದಲ್ಲಿ ಇಟ್ಟು, ಒಂದು ಚೀಟಿಯ ಔಷಧವನ್ನು ಒಂದೇ ಟ್ರೇಯಲ್ಲಿ ಹಾಕುತ್ತ ಹೋದೆ. ಎರಡು ಚೀಟಿಯ ಔಷಧ ಒಂದೆಡೆ ಬೆರೆಯಲು ಬಿಡಲಿಲ್ಲ. ಬಸ್ಸಿಗೆ ಹೊರಟ ಇಬ್ಬರು ಅಜ್ಜಂದಿರ ಟ್ರೇಗಳನ್ನು, ಉಳಿದವರಿಗೆ ಹೇಳಿ ಒಪ್ಪಿಸಿ, ಮುಂದಿಟ್ಟೆ. ಇನ್ನೂ ಹದಿನೈದು ನಿಮಿಷ ಬೇಕಾಗುತ್ತದೆ ಎಂದು ಎಲ್ಲರಿಗೂ ಮೊದಲೇ ತಿಳಿಸಿದೆ. ಹಿರಿಯರು ಬಂದು ಒಂದೊಂದಾಗಿ ತಾಳೆ ನೋಡಿ ಕೊಟ್ಟರು. ಒಂದು ಟ್ರೇಯಲ್ಲಿ 250 ಮಿಲಿಗ್ರಾಂ ಬದಲು 500 ಇಟ್ಟಿದ್ದನ್ನು ಅವರು ಹಿಡಿದರು. ಅಂದಿನಿಂದ ಪೆಟ್ಟಿಗೆಯಿಂದ ತೆಗೆಯುವಾಗ ಒಮ್ಮೆ, ಟ್ರೇಗೆ ಹಾಕುವಾಗ ಒಮ್ಮೆ ಪ್ರಮಾಣವನ್ನು ಬಾಯಿಬಿಟ್ಟು ಓದುವ ರೂಢಿ ಮಾಡಿಕೊಂಡಿದ್ದೇನೆ.’

ಈ ಉತ್ತರದಲ್ಲಿ ಶೌರ್ಯವಿಲ್ಲ, ವಿಧಾನವಿದೆ. ತನ್ನ ಅಧಿಕಾರದ ಮಿತಿ ಗೊತ್ತಿದೆ, ಕಾಯುವವರಿಗೆ ನಿಜ ಹೇಳಿದ್ದಾನೆ, ತಪ್ಪೊಂದು ಸಿಕ್ಕಿದ್ದನ್ನು ಮುಚ್ಚಿಡದೆ ಅದರಿಂದ ರೂಢಿಯೊಂದನ್ನು ಬೆಳೆಸಿಕೊಂಡಿದ್ದಾನೆ. ಹಿರಿಯ ಫಾರ್ಮಾಸಿಸ್ಟರ ಮನಸ್ಸಿನಲ್ಲಿ ಉಳಿಯುವುದು ಆ ಕೊನೆಯ ವಾಕ್ಯ. ಆದರೆ ಇದನ್ನು ಬಾಯಿಪಾಠ ಮಾಡಿ ಒಪ್ಪಿಸುವುದರಿಂದ ಪ್ರಯೋಜನವಿಲ್ಲ. ‘ಆ ಔಷಧ ಯಾವುದು? ಹಿರಿಯರು ಏನೆಂದರು?’ ಎಂಬ ಮರುಪ್ರಶ್ನೆ ಬಂದೊಡನೆ ಎರವಲು ಕಥೆ ಕುಸಿಯುತ್ತದೆ. ಪ್ರತಿಯೊಬ್ಬರ 500 ಗಂಟೆಗಳ ತರಬೇತಿಯಲ್ಲಿಯೂ ಇಂಥ ಎರಡು ಮೂರು ದಿನಗಳು ಇದ್ದೇ ಇರುತ್ತವೆ. ಅವನ್ನು ನೆನಪಿಸಿಕೊಂಡು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಒತ್ತಡದ ಪ್ರಶ್ನೆ ಸದಾ ‘ಒತ್ತಡ’ ಎಂಬ ಹೆಸರಿನಿಂದಲೇ ಬರುವುದಿಲ್ಲ. ಅದು ಹಲವು ವೇಷಗಳಲ್ಲಿ ಬರುತ್ತದೆ.

1. ‘ಸಾಲು ಉದ್ದವಿದೆ, ವೈದ್ಯರ ಅಕ್ಷರ ಓದಲಾಗುತ್ತಿಲ್ಲ. ಏನು ಮಾಡುತ್ತೀರಿ?’ ವೈದ್ಯರು ಔಷಧದ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದಷ್ಟು ದೊಡ್ಡಕ್ಷರಗಳಲ್ಲಿ ಬರೆಯಬೇಕೆಂಬ ನಿಯಮ 2016ರಲ್ಲಿಯೇ ಬಂದಿದೆ. ಆದರೂ ಗೀಚುಬರಹ ಮಾಯವಾಗಿಲ್ಲ. ‘ಅಂದಾಜು ಮಾಡುತ್ತೇನೆ’ ಎಂದರೆ ಸಂದರ್ಶನ ಅಲ್ಲಿಗೆ ಮುಗಿದಂತೆ. ಆ ಚೀಟಿಯನ್ನು ಬದಿಗಿಟ್ಟು, ವೈದ್ಯರಿಗೆ ಫೋನು ಮಾಡಿ ಕೇಳಿ, ಕೇಳಿದ್ದನ್ನು ಚೀಟಿಯ ಮೇಲೆ ಗುರುತು ಹಾಕಿ, ಅಷ್ಟರಲ್ಲಿ ಮುಂದಿನವರ ಕೆಲಸ ಮುಂದುವರಿಸುವುದು ಸರಿಯಾದ ದಾರಿ. ರೋಗಿಯನ್ನು ‘ಏನು ತೊಂದರೆಗೆ ತೋರಿಸಿದ್ದು?’ ಎಂದು ಕೇಳುವುದರಿಂದಲೂ ಸುಳಿವು ಸಿಗುತ್ತದೆ. ಆದರೆ ಸುಳಿವು ವೈದ್ಯರ ಮಾತಿಗೆ ಬದಲಿಯಾಗದು.

2. ‘ತಪ್ಪು ಔಷಧ ಕೊಟ್ಟದ್ದು ಆಮೇಲೆ ಗೊತ್ತಾದರೆ?’ ಇದು ಅತ್ಯಂತ ಕಠಿಣ ಪ್ರಶ್ನೆ, ಅತ್ಯಂತ ಮುಖ್ಯವಾದದ್ದೂ ಹೌದು. ‘ನನ್ನಿಂದ ಹಾಗಾಗುವುದಿಲ್ಲ’ ಎಂಬ ಮಾತನ್ನು ಅನುಭವಿಗಳು ನಂಬುವುದಿಲ್ಲ. ಮೊದಲು ರೋಗಿಯನ್ನು ತಲುಪಿ ಔಷಧ ನುಂಗದಂತೆ ತಡೆಯುವುದು. ಅದೇ ಗಳಿಗೆಯಲ್ಲಿ ಹಿರಿಯರಿಗೆ, ವೈದ್ಯರಿಗೆ ತಿಳಿಸುವುದು. ಈಗಾಗಲೇ ನುಂಗಿದ್ದರೆ ವೈದ್ಯರ ಸೂಚನೆಯಂತೆ ನಡೆಯುವುದು. ಕೊನೆಗೆ ಏನು ನಡೆಯಿತೆಂದು ಬರಹದಲ್ಲಿ ದಾಖಲಿಸುವುದು. ತನ್ನ ಮಾನ, ನೌಕರಿಯ ಚಿಂತೆ ಇವೆಲ್ಲ ಆ ನಂತರದ್ದು. ಈ ಕ್ರಮವನ್ನು ತಡವರಿಸದೆ ಹೇಳುವವರನ್ನು ವೈದ್ಯರು ಮರೆಯುವುದಿಲ್ಲ. ಫೋನು ಸಿಗದ ಊರಿನ ರೋಗಿಯನ್ನು ಹೇಗೆ ತಲುಪುತ್ತೀರಿ ಎಂದು ಕೇಳಿದರೆ, ಆಶಾ ಕಾರ್ಯಕರ್ತೆ, ಬಸ್ಸಿನ ನಿರ್ವಾಹಕ, ಊರಿನ ಅಂಗಡಿ ಎಂಬ ಉತ್ತರ ಈ ಸೀಮೆ ಬಲ್ಲವರಿಗೆ ತಾನಾಗಿ ಹೊಳೆಯುತ್ತದೆ.

3. ‘ಚೀಟಿಯಿಲ್ಲದೆ ನಿದ್ರೆಯ ಮಾತ್ರೆ ಕೇಳಿ ಜಗಳಕ್ಕೆ ನಿಂತರೆ?’ ಆಲ್‌ಪ್ರಜೋಲಂನಂತಹ ನಿದ್ರೆಯ ಮಾತ್ರೆಗಳು, ಹಲವು ಆ್ಯಂಟಿಬಯೋಟಿಕ್‌ಗಳು ಮತ್ತು ಕ್ಷಯರೋಗದ ಔಷಧಗಳು 2014ರ ಮಾರ್ಚ್ 1ರಿಂದ ‘ಎಚ್1’ ಅನುಸೂಚಿಯಲ್ಲಿವೆ. ಇವನ್ನು ಕೊಟ್ಟಾಗ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧ ಮತ್ತು ಪ್ರಮಾಣವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಉತ್ತರದಲ್ಲಿ ಕಾನೂನಿನ ಹೆಸರು ಬರಲಿ. ಆದರೆ ಗಿರಾಕಿಯ ಮುಖಕ್ಕೆ ಕಾನೂನು ಎಸೆಯುತ್ತೇನೆಂಬ ಧ್ವನಿ ಬೇಡ. ದನಿ ಏರಿಸದೆ, ಕುಳ್ಳಿರಿಸಿ, ‘ಡಾಕ್ಟರರ ಹತ್ತಿರ ಒಂದು ಮಾತು ಬರೆಸಿಕೊಂಡು ಬನ್ನಿ, ಔಷಧ ತೆಗೆದಿಟ್ಟಿರುತ್ತೇನೆ’ ಎನ್ನುವುದು ಹೆಚ್ಚು ಕೆಲಸ ಮಾಡುತ್ತದೆ. ಗಿರಾಕಿ ಊರಿನವನೇ, ನೆಂಟನೇ ಆಗಿರಬಹುದು. ಚಿಕ್ಕ ಊರಿನಲ್ಲಿ ‘ಇಲ್ಲ’ ಎನ್ನುವ ಕಷ್ಟ ದೊಡ್ಡ ಊರಿನದಕ್ಕಿಂತ ಹೆಚ್ಚು ಎಂಬುದನ್ನು ಸಂದರ್ಶಕರೂ ಬಲ್ಲರು.

4. ‘ಬೇಕಾದ ಔಷಧವೇ ದಾಸ್ತಾನಿನಲ್ಲಿ ಇಲ್ಲದಿದ್ದರೆ?’ 2021ರ ಮೇ ತಿಂಗಳಲ್ಲಿ ಕಪ್ಪು ಶಿಲೀಂಧ್ರ ರೋಗಕ್ಕೆ ಬೇಕಾದ ಆಂಫೊಟೆರಿಸಿನ್-ಬಿ ಚುಚ್ಚುಮದ್ದಿಗಾಗಿ ರೋಗಿಗಳ ಬಂಧುಗಳು ಊರೂರು ಅಲೆದದ್ದನ್ನು ಯಾರೂ ಮರೆತಿಲ್ಲ. ‘ಇಲ್ಲ’ ಎಂದು ಕೈಚೆಲ್ಲುವುದಕ್ಕೂ ‘ಇಲ್ಲಿ ಇಲ್ಲ, ಎಲ್ಲಿದೆ ನೋಡುತ್ತೇನೆ’ ಎನ್ನುವುದಕ್ಕೂ ಬಹಳ ಅಂತರವಿದೆ. ಬದಲಿ ಔಷಧವನ್ನು ವೈದ್ಯರನ್ನು ಕೇಳದೆ ಕೊಡುವುದಿಲ್ಲ, ಮುಗಿಯುವ ಮುನ್ನವೇ ತರಿಸುವ ಕನಿಷ್ಠ ಮಟ್ಟದ ಪಟ್ಟಿ ಇಟ್ಟುಕೊಳ್ಳುತ್ತೇನೆ ಎಂಬ ಎರಡು ಅಂಶ ಉತ್ತರದಲ್ಲಿರಲಿ.

5. ‘ಏಕಕಾಲಕ್ಕೆ ಮೂರು ಕೆಲಸ ಬಂದರೆ ಯಾವುದು ಮೊದಲು?’ ತುರ್ತು ವಿಭಾಗದ ಬೇಡಿಕೆ, ಕೌಂಟರಿನ ಸಾಲು, ಕಂಪನಿಯಿಂದ ಬಂದ ಔಷಧದ ಪೆಟ್ಟಿಗೆ. ಜೀವಕ್ಕೆ ಸಂಬಂಧಿಸಿದ್ದು ಮೊದಲು, ತಂಪಿನಲ್ಲಿಡಬೇಕಾದ್ದು ಎರಡನೆಯದು, ಕಾಯಬಲ್ಲದ್ದು ಕೊನೆಗೆ. ಪೆಟ್ಟಿಗೆಯೊಳಗೆ ಇನ್ಸುಲಿನ್ ಇದ್ದರೆ ಅದನ್ನು ಮಾತ್ರ ಫ್ರಿಜ್ಜಿಗೆ ಸೇರಿಸಿ ಉಳಿದದ್ದನ್ನು ಹಾಗೇ ಬಿಡಬಹುದು ಎಂಬಷ್ಟು ವಿವರ ಹೇಳಿದರೆ ಉತ್ತರಕ್ಕೆ ತೂಕ ಬರುತ್ತದೆ. ಸಾಲಿನಲ್ಲಿ ನಿಂತವರಿಗೆ ಕಾರಣ ತಿಳಿಸುವುದನ್ನು ಮರೆಯಬಾರದು.

6. ಕೆಲವೊಮ್ಮೆ ಪ್ರಶ್ನೆ ಮಾತಿನಲ್ಲಿ ಬರದೆ ವರ್ತನೆಯಲ್ಲಿ ಬರುತ್ತದೆ. ಸಂದರ್ಶಕರು ಮಾತು ತುಂಡರಿಸುವುದು, ‘ಇಷ್ಟೂ ಗೊತ್ತಿಲ್ಲವೇ?’ ಎಂದು ಗದರುವುದು, ಉತ್ತರದ ನಂತರ ಸುಮ್ಮನೆ ಕುಳಿತುಬಿಡುವುದು ಇದರ ಬಗೆಗಳು. ಅಲ್ಲಿ ಅಭ್ಯರ್ಥಿಯ ಜ್ಞಾನಕ್ಕಿಂತ ಉಸಿರಿನ ಪರೀಕ್ಷೆ ನಡೆಯುತ್ತಿರುತ್ತದೆ. ಗೊತ್ತಿಲ್ಲದ್ದನ್ನು ‘ಗೊತ್ತಿಲ್ಲ, ನೋಡಿ ಹೇಳುತ್ತೇನೆ’ ಎನ್ನುವುದು ಈ ವೃತ್ತಿಯಲ್ಲಿ ಗುಣವೇ ಹೊರತು ದೋಷವಲ್ಲ. ಗೊತ್ತಿಲ್ಲದೆ ಧೈರ್ಯವಾಗಿ ಹೇಳುವವರು ಕೌಂಟರಿನಲ್ಲಿಯೂ ಹಾಗೆಯೇ ಮಾಡಿಯಾರು ಎಂಬ ಆತಂಕ ಸಂದರ್ಶಕರಿಗಿರುತ್ತದೆ.

ಅನುಭವವಿಲ್ಲದವರು ಏನು ಹೇಳಬೇಕು?

ಹೊಸಬರಿಗೆ ಹೇಳಲು ಆಸ್ಪತ್ರೆಯ ಕಥೆ ಕಡಿಮೆ ಇರಬಹುದು; ಆದರೆ ಈ ಭಾಗದ ಮನೆಗಳಲ್ಲಿ ಒತ್ತಡದ ಪಾಠಕ್ಕೆ ಕೊರತೆಯಿಲ್ಲ. ಅಡಿಕೆ ಸುಗ್ಗಿಯಲ್ಲಿ ಕೊಯಿಲಿನವರು ಸಿಕ್ಕ ದಿನವೇ ಕೊನೆ ಇಳಿಸಿ, ಸುಲಿದು, ಬೇಯಿಸಿ, ಹರವಿ ಮುಗಿಸಬೇಕು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಸಿಂಪಡಿಸಲು ಮೈಲುತುತ್ತ ಮತ್ತು ಸುಣ್ಣವನ್ನು ಸರಿಯಾದ ತೂಕದಲ್ಲಿ ಬೆರೆಸಿ, ದ್ರಾವಣದಲ್ಲಿ ಆಮ್ಲ ಉಳಿದಿದೆಯೇ ಪರೀಕ್ಷಿಸಿ, ಹೊಳವಾದ ಎರಡು ತಾಸಿನೊಳಗೆ ಹೊಡೆಯಿಸಬೇಕು. ಅಳತೆ ತಪ್ಪಿದರೆ ಎಳೆಯ ಕಾಯಿ ಸುಡುತ್ತದೆ. ಆತುರ ಮತ್ತು ಅಳತೆ ಎರಡನ್ನೂ ಒಟ್ಟಿಗೆ ನಿಭಾಯಿಸಿದ ಇಂಥ ಪ್ರಸಂಗವನ್ನು ಹೇಳಿ, ‘ಮಳೆ ಬರುತ್ತಿದ್ದರೂ ತೂಕ ನೋಡುವುದನ್ನು ಬಿಡುತ್ತಿರಲಿಲ್ಲ, ಔಷಧದಲ್ಲಿಯೂ ಹಾಗೆಯೇ’ ಎಂದು ಕೆಲಸಕ್ಕೆ ಜೋಡಿಸಬಹುದು. ಪ್ರಸಂಗ ಮನೆಯದಾದರೂ ಅದರಿಂದ ತೆಗೆದ ತತ್ವ ಕೌಂಟರಿಗೆ ಸಲ್ಲುವಂತಿರಬೇಕು. ಕಾಲೇಜಿನ ಪರೀಕ್ಷೆಯ ಒತ್ತಡದ ಕಥೆ ಎಲ್ಲರೂ ಹೇಳುವಂಥದ್ದು. ಅದನ್ನು ಬಿಡುವುದು ಲೇಸು.

ಬಿಡುವಿನಲ್ಲಿ ಒತ್ತಡ ಕಳೆಯುವ ಬಗೆಯನ್ನೂ ಕೆಲವರು ಕೇಳುತ್ತಾರೆ. ನಡೆಯುವುದು, ಯಕ್ಷಗಾನ ನೋಡುವುದು, ವಾಲಿಬಾಲ್ ಆಡುವುದು, ಪ್ರಾಣಾಯಾಮ ಏನೇ ಇರಲಿ, ನಿಜವಾಗಿ ಮಾಡುತ್ತಿರುವುದನ್ನೇ ಹೇಳಬೇಕು. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಉತ್ತರ ಅರ್ಧವಾಗುತ್ತದೆ. ಮನೆಗೆ ಹೋದ ಮೇಲೆ ಏನು ಮಾಡುತ್ತೀರಿ ಎಂಬುದಕ್ಕಿಂತ, ಸಾಲು ಮುಂದಿರುವಾಗ ಏನು ಮಾಡುತ್ತೀರಿ ಎಂಬುದು ಸಂದರ್ಶಕರಿಗೆ ಮುಖ್ಯ.

ಅಭ್ಯರ್ಥಿ ಕೇಳಬೇಕಾದ ಪ್ರಶ್ನೆಗಳು

ಒತ್ತಡ ಸಹಿಸುವ ಹೊಣೆಯನ್ನೆಲ್ಲ ನೌಕರನ ಹೆಗಲಿಗೇ ಹೇರುವುದು ನ್ಯಾಯವಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಕರಾಸೆಕ್ 1979ರಲ್ಲಿ ಮಂಡಿಸಿದ ವಿಚಾರದಂತೆ, ಕೆಲಸದ ಭಾರ ಹೆಚ್ಚಿದ್ದು, ಅದನ್ನು ನಿರ್ವಹಿಸುವ ಸ್ವಾತಂತ್ರ್ಯ ಕಡಿಮೆ ಇರುವಲ್ಲಿ ಮನುಷ್ಯ ಬೇಗ ಬಸವಳಿಯುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ ಅಂಗೀಕಾರವಾದ ತನ್ನ ರೋಗ ವರ್ಗೀಕರಣದಲ್ಲಿ ಇಂಥ ಬಳಲಿಕೆಯನ್ನು ವ್ಯಕ್ತಿಯ ಕಾಯಿಲೆ ಎಂದು ಕರೆಯದೆ, ಉದ್ಯೋಗದ ಸ್ಥಳದಲ್ಲಿ ಸರಿಯಾಗಿ ನಿಭಾಯಿಸದೆ ಬಿಟ್ಟ ಒತ್ತಡದ ಫಲವೆಂದು ಗುರುತಿಸಿದೆ.

ಆದ್ದರಿಂದ ‘ನಿಮಗೇನಾದರೂ ಕೇಳುವುದಿದೆಯೇ?’ ಎಂದಾಗ ಸಂಕೋಚ ಬೇಡ. ಒಂದು ಪಾಳಿಯಲ್ಲಿ ಎಷ್ಟು ಮಂದಿ ಫಾರ್ಮಾಸಿಸ್ಟರು ಇರುತ್ತಾರೆ? ರಾತ್ರಿ ಒಬ್ಬರೇ ಇರಬೇಕೇ? ಊಟದ ಹೊತ್ತಿಗೆ ಬದಲಿ ಯಾರು? ವಿದ್ಯುತ್ ಹೋದಾಗ ಫ್ರಿಜ್ಜಿಗೆ ವ್ಯವಸ್ಥೆ ಏನು? ತಪ್ಪಾದರೆ ವರದಿ ಮಾಡುವ ಕ್ರಮವಿದೆಯೇ? ಇವು ವಿನಯದಿಂದಲೇ ಕೇಳಬಹುದಾದ ಪ್ರಶ್ನೆಗಳು. ಇವಕ್ಕೆ ಸಿಗುವ ಉತ್ತರದಿಂದ ಆ ಸಂಸ್ಥೆಯ ಒತ್ತಡ ರೋಗಿಗಳ ಸಂಖ್ಯೆಯಿಂದ ಬಂದದ್ದೋ, ಅವ್ಯವಸ್ಥೆಯಿಂದ ಬಂದದ್ದೋ ತಿಳಿಯುತ್ತದೆ.

ಒಂದು ವಿಷಯದಲ್ಲಿ ಮಾತ್ರ ರಾಜಿ ಸಲ್ಲದು. ‘ನೀವು ಬರುವುದು ಬೇಡ, ಪ್ರಮಾಣಪತ್ರ ಗೋಡೆಯ ಮೇಲೆ ಇರಲಿ, ತಿಂಗಳಿಗೆ ಇಷ್ಟು ಕೊಡುತ್ತೇವೆ’ ಎಂಬ ಆಮಿಷ ಔಷಧ ವ್ಯಾಪಾರದಲ್ಲಿ ಹಳೆಯದು. ಮೇಲುನೋಟಕ್ಕೆ ಇದು ಒತ್ತಡವೇ ಇಲ್ಲದ ಸಂಪಾದನೆ. ಆದರೆ ಆ ಕೌಂಟರಿನಲ್ಲಿ ಓದದವರು ಕೊಟ್ಟ ಔಷಧದಿಂದ ಅನಾಹುತವಾದ ದಿನ, ಗೋಡೆಯ ಮೇಲಿನ ಹೆಸರೇ ಹೊಣೆಗೆ ಸಿಕ್ಕಿಬೀಳುತ್ತದೆ, ನೋಂದಣಿಯೇ ಹೋಗಬಹುದು. ಎರಡು ವರ್ಷ ಸಾಲ ಮಾಡಿ ಓದಿಸಿದ ಮನೆಯವರಿಗೆ ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿಲ್ಲ. ಮಾಲೀಕರೇ ಚೀಟಿಯಿಲ್ಲದೆ ಕೊಡಲು ಒತ್ತಾಯಿಸಿದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆಗೂ ಉತ್ತರ ಇದೇ ತತ್ವದಲ್ಲಿದೆ. ‘ನನ್ನ ನೋಂದಣಿ ಉಳಿದರೆ ನಿಮ್ಮ ಅಂಗಡಿಯ ಪರವಾನಗಿಯೂ ಉಳಿಯುತ್ತದೆ’ ಎಂದು ಮೃದುವಾಗಿ ಹೇಳಬಲ್ಲವರನ್ನು ವಿವೇಕಿಯಾದ ಮಾಲೀಕ ಕಳೆದುಕೊಳ್ಳಲಾರ.

ಕೆಲಸಕ್ಕೆ ಸೇರಿದ ಮೇಲೆ ನಿದ್ರೆ ಕೆಡುವಷ್ಟು, ಔಷಧದ ಹೆಸರುಗಳು ಕನಸಿನಲ್ಲಿಯೂ ಕಾಡುವಷ್ಟು ಒತ್ತಡವಾದರೆ ಅದನ್ನು ಹೇಳಿಕೊಳ್ಳುವುದು ಅವಮಾನವಲ್ಲ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಶುಲ್ಕವಿಲ್ಲ.

ಹಿಂದಿನ ದಿನದ ಸಿದ್ಧತೆ

ಸಂದರ್ಶನದ ಹಿಂದಿನ ದಿನ ತರಬೇತಿಯ ಮೂರು ಪ್ರಸಂಗಗಳನ್ನು ಆಯ್ದುಕೊಳ್ಳಬೇಕು: ಜನಸಂದಣಿಯದೊಂದು, ತಪ್ಪಿನದೊಂದು, ಸಿಟ್ಟಿನ ಗಿರಾಕಿಯದೊಂದು. ಪ್ರತಿಯೊಂದನ್ನೂ ಎರಡು ನಿಮಿಷದಲ್ಲಿ ಮುಗಿಯುವಂತೆ ಮನೆಯವರ ಎದುರು ಗಟ್ಟಿಯಾಗಿ ಹೇಳಿ ನೋಡಬೇಕು. ಔಷಧಶಾಸ್ತ್ರ ಓದದ ಅಮ್ಮನಿಗೋ ಅಜ್ಜನಿಗೋ ಅರ್ಥವಾದರೆ ಉತ್ತರ ಸರಿಯಾಗಿದೆ ಎಂದು ತಿಳಿಯಬಹುದು. ನಾಳೆ ಕೌಂಟರಿನ ಮುಂದೆ ನಿಲ್ಲುವವರೂ ಅವರಂಥವರೇ. ತಾಂತ್ರಿಕ ಪದಗಳು ಇಂಗ್ಲಿಷಿನವು ಇರಲಿ, ಕಥನ ಕನ್ನಡದಲ್ಲಿ ಸರಾಗವಾಗಿದ್ದರೆ ಸಾಕು. ಇಂಗ್ಲಿಷಿನಲ್ಲಿಯೇ ಹೇಳಿ ಎಂದರೆ ಸಣ್ಣ ವಾಕ್ಯಗಳಲ್ಲಿ ಹೇಳುವಷ್ಟು ಅಭ್ಯಾಸವಿರಲಿ.

ನೋಂದಣಿ ಪ್ರಮಾಣಪತ್ರದ ಮೂಲಪ್ರತಿ, ತರಬೇತಿ ಪತ್ರ, ಅಂಕಪಟ್ಟಿಗಳನ್ನು ರಾತ್ರಿಯೇ ಜೋಡಿಸಿಟ್ಟು, ಮಳೆಗಾಲವಾದರೆ ಒಂದು ಬಸ್ಸು ಮುಂಚಿತವಾಗಿ ಹೊರಡುವುದು ಕ್ಷೇಮ. ತೇಕುತ್ತ ಒಳಗೆ ಬಂದವರು ಒತ್ತಡ ನಿಭಾಯಿಸುವ ಬಗ್ಗೆ ಎಷ್ಟು ಚೆನ್ನಾಗಿ ಮಾತನಾಡಿದರೂ ಕೇಳುವವರಿಗೆ ನಂಬಿಕೆ ಹುಟ್ಟುವುದು ಕಷ್ಟ.